ಸಿಕ್ಕ ಸಂತೋಷವನ್ನು ಅವ್ವನಿಗೆ ಹೇಗೆ ಹೇಳಲಿ?

ಪ್ರಶ್ನೆ: ನನಗೆ 27 ವರ್ಷ. ರಾಯಚೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಊರು ಮಾನ್ವಿ ತಾಲ್ಲೂಕಿನ ಒಂದು ಹಳ್ಳಿ. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಆಮೇಲೆ ನನಗೆ ರಾತ್ರಿ ನಿದ್ದೆಯೇ ಇರಲಿಲ್ಲ. ಒಂದು ಭಾನುವಾರ ರೂಮ್‌ಮೇಟ್ ಜೊತೆ ಸುಮ್ನೆ ಚರ್ಚಿಗೆ ಹೋದೆ. ಈಗ ಒಂಬತ್ತು ತಿಂಗಳಿಂದ ಯೇಸುಸ್ವಾಮಿಯನ್ನು ನಂಬಿದ್ದೇನೆ. ಮನಸ್ಸು ಇಷ್ಟು ಹಗುರ ಯಾವತ್ತೂ ಆಗಿರಲಿಲ್ಲ. ಕಂಡವರಿಗೆಲ್ಲ ಹೇಳಬೇಕು ಅನಿಸುತ್ತದೆ. ಅವ್ವನಿಗೆ ಹೇಳಿದೆ. ಅವಳು ಎರಡು ದಿನ ಊಟ ಬಿಟ್ಟಳು. "ನಿಮ್ಮಪ್ಪ ಹೋದ, ಈಗ ನೀನೂ ಹೊಂಟಿ" ಎಂದು ಅತ್ತಳು. ತಮ್ಮ ಪೊಲೀಸ್ ಪರೀಕ್ಷೆಗೆ ಓದುತ್ತಿದ್ದಾನೆ. "ನಿನ್ನಿಂದ ನನ್ನ ಕಾಸ್ಟ್ ಸರ್ಟಿಫಿಕೇಟ್ ಹೋಗ್ತದ, 371ಜೆ ಹೋಗ್ತದ, ಮತಾಂತರದ ಕೇಸ್ ಬಿದ್ರ ನೀನೂ ಒಳಗ ಹೋಗ್ತಿ" ಎನ್ನುತ್ತಾನೆ. ಒಂದು ರಾತ್ರಿ ಡ್ಯೂಟಿಯಲ್ಲಿ, ನೋವಿನಿಂದ ನರಳುತ್ತಿದ್ದ ಒಬ್ಬ ಅಜ್ಜಿಯ ಕೈ ಹಿಡಿದು ಪ್ರಾರ್ಥನೆ ಮಾಡಿದೆ. ಅವರ ಮಗ ಇನ್‌ಚಾರ್ಜ್ ಸಿಸ್ಟರ್‌ಗೆ ದೂರು ಕೊಟ್ಟರು. ಇತ್ತ ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು, "ನೀನು ಹೇಳದೆ ನಿಮ್ಮವ್ವ ತೀರಿಕೊಂಡರೆ ಅವಳ ರಕ್ತದ ಲೆಕ್ಕ ನಿನ್ನ ತಲೆ ಮೇಲೆ" ಎಂದರು. ಅವತ್ತಿನಿಂದ ಮತ್ತೆ ನಿದ್ದೆ ಹೋಗಿದೆ. ಬರುವ ಹುಣ್ಣಿಮೆಗೆ ಅವ್ವ ಹುಲಿಗೆಮ್ಮನ ಗುಡಿಗೆ ಕರೆದಿದ್ದಾಳೆ. ಹೋಗಲೋ ಬೇಡವೋ ತಿಳಿಯುತ್ತಿಲ್ಲ. ನಾನು ಹೇಳುವುದು ತಪ್ಪಾ? ಹೇಳದೆ ಇರುವುದು ತಪ್ಪಾ?

ಉತ್ತರ: ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಮೂರು ಹೆದರಿಕೆಗಳು ಒಂದಕ್ಕೊಂದು ಗಂಟು ಬಿದ್ದಿವೆ. ಅವ್ವ ಕೈಬಿಟ್ಟು ಹೋಗುತ್ತಾಳೆ ಎಂಬುದು ಒಂದು. ಕಾನೂನು ಹಿಡಿಯುತ್ತದೆ ಎಂಬುದು ಇನ್ನೊಂದು. ದೇವರ ಮುಂದೆ ತಪ್ಪಿತಸ್ಥೆ ಆಗುತ್ತೇನೆ ಎಂಬುದು ಮೂರನೆಯದು. ಒಂಬತ್ತು ತಿಂಗಳ ಹಿಂದೆ ನಿಮಗೆ ಸಿಕ್ಕ ಸಂತೋಷ ಈ ಮೂರರ ಅಡಿಗೆ ಸಿಕ್ಕಿಕೊಂಡಿದೆ. ನಾನು ಬಳ್ಳಾರಿಯಲ್ಲಿ 28 ವರ್ಷದಿಂದ ಸಭಾಪಾಲಕ, ಅಂದರೆ ಪಾಸ್ಟರ್. ಹೊಸದಾಗಿ ನಂಬಿದವರ ಮನೆಗಳಲ್ಲಿ ಕೂತು ಎರಡೂ ಕಡೆಯವರ ಮಾತು ಕೇಳುವುದೇ ನನ್ನ ಕೆಲಸದಲ್ಲಿ ಅರ್ಧ. ಆ ಅನುಭವದಿಂದ ಹೇಳುತ್ತೇನೆ.

ಮೂರನೆಯ ಹೆದರಿಕೆಯಿಂದಲೇ ಶುರು ಮಾಡೋಣ. ನಿಮ್ಮ ನಿದ್ದೆ ಕೆಡಿಸಿದ್ದು ಅದೇ.

"ರಕ್ತದ ಲೆಕ್ಕ" ಎಂಬ ಮಾತು ಸತ್ಯವೇದದ, ಅಂದರೆ ಬೈಬಲ್ಲಿನ, ಯೆಹೆಜ್ಕೇಲನ ಪುಸ್ತಕದಿಂದ ಬಂದದ್ದು. ಅಲ್ಲಿ ಯೆಹೆಜ್ಕೇಲ ಒಬ್ಬ ಪ್ರವಾದಿ. ಊರಿನ ಗೋಡೆ ಮೇಲೆ ನಿಂತ ಕಾವಲುಗಾರನಂತೆ ತನ್ನ ಜನಕ್ಕೆ ಅಪಾಯದ ಸುದ್ದಿ ಕೂಗಿ ಹೇಳಬೇಕು ಎಂದು ದೇವರು ಅವನಿಗೆ ಹೊಣೆ ಕೊಟ್ಟರು. ಅದು ಆ ಪ್ರವಾದಿಗೆ, ಆ ಕಾಲದಲ್ಲಿ ಕೊಟ್ಟ ಕೆಲಸ. ಅದನ್ನು ಎತ್ತಿಕೊಂಡು, ನಂಬಿ ಒಂಬತ್ತು ತಿಂಗಳಾದ ಹುಡುಗಿಯ ತಲೆ ಮೇಲೆ ಇಡುವುದು ಸರಿಯಲ್ಲ. ಆ ಹಿರಿಯರ ಮನಸ್ಸು ಒಳ್ಳೆಯದೇ ಇರಬಹುದು, ಅವರ ಮೇಲೆ ಕೋಪ ಬೇಡ. ಆದರೆ ಹೆದರಿಕೆ ಹುಟ್ಟಿಸಿ ಕಳಿಸಿದ ಮಾತು ಕೇಳುವವರಿಗೂ ಹೆದರಿಕೆಯಾಗಿಯೇ ಮುಟ್ಟುತ್ತದೆ. ನಿಮ್ಮ ಮುಖದಲ್ಲಿ ಗಾಬರಿ ಇದ್ದರೆ ಅವ್ವನಿಗೆ ಕಾಣುವುದು ಗಾಬರಿ ಮಾತ್ರ.

ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯ ತೆಗೆದು ನೋಡಿ. ಸಮಾರ್ಯದ ಹೆಂಗಸು ಬಾವಿಗೆ ನೀರಿಗೆ ಬಂದವಳು. ಯೇಸುಸ್ವಾಮಿ ಜೊತೆ ಮಾತಾಡಿದ ಮೇಲೆ ಕೊಡವನ್ನು ಅಲ್ಲೇ ಬಿಟ್ಟು ಊರೊಳಗೆ ಓಡುತ್ತಾಳೆ. ಊರವರಿಗೆ ಅವಳು ಬೋಧನೆ ಮಾಡಲಿಲ್ಲ. ನನ್ನ ಬದುಕಿನದೆಲ್ಲ ಹೇಳಿಬಿಟ್ಟ ಒಬ್ಬರಿದ್ದಾರೆ, ಬಂದು ನೋಡಿ, ಅವರೇ ಕ್ರಿಸ್ತನಿರಬಹುದಾ ಎಂದಳು. ಕೊನೆಗೆ ಒಂದು ಪ್ರಶ್ನೆ ಇಟ್ಟು ನಿಲ್ಲಿಸಿದಳು, ಗಮನಿಸಿದಿರಾ? ಊರವರು ಬಂದು, ಎರಡು ದಿನ ಅವರ ಮಾತು ಕೇಳಿ, ಆಮೇಲೆ ಅವಳಿಗೆ ಹೇಳುತ್ತಾರೆ: ಈಗ ನಾವು ನಂಬುವುದು ನಿನ್ನ ಮಾತಿನಿಂದಲ್ಲ, ನಾವೇ ಕೇಳಿ ತಿಳಿದುಕೊಂಡಿದ್ದೇವೆ. ಅವಳು ಬೇಜಾರು ಮಾಡಿಕೊಂಡಳು ಎಂದು ಎಲ್ಲೂ ಬರೆದಿಲ್ಲ. ಅವಳ ಕೆಲಸ ಅಷ್ಟಕ್ಕೆ ಮುಗಿದಿತ್ತು. ನಿಮ್ಮ ಕೆಲಸವೂ ಅಷ್ಟೇ. ನಿಮಗಾದದ್ದನ್ನು ಹೇಳುವುದು ನಿಮ್ಮ ಪಾಲು. ಅವ್ವನ ಮನಸ್ಸನ್ನು ಒಪ್ಪಿಸುವುದು ನಿಮ್ಮ ಪಾಲಿಗೆ ಬಂದಿಲ್ಲ. ಇದನ್ನು ನಿಜವಾಗಿ ನಂಬಿದರೆ ನಿಮ್ಮ ಅರ್ಧ ಭಾರ ಇಳಿಯುತ್ತದೆ.

ಈಗ ಅವ್ವನ ಕಡೆಯಿಂದ ನೋಡೋಣ.

"ನಿಮ್ಮಪ್ಪ ಹೋದ, ಈಗ ನೀನೂ ಹೊಂಟಿ." ಆ ಒಂದು ವಾಕ್ಯದಲ್ಲಿ ಎಲ್ಲ ಇದೆ. ನೀವು ಹೇಳಿದ್ದು "ನನಗೆ ಸಿಕ್ಕಿತು" ಎಂದು. ಅವರ ಕಿವಿಗೆ ಬಿದ್ದದ್ದು "ನಿಮ್ಮನ್ನು ಬಿಟ್ಟೆ" ಎಂದು. ನಾನು ನೋಡಿದ ಮುಕ್ಕಾಲು ಪಾಲು ಮನೆಗಳಲ್ಲಿ ಜಗಳದ ಬೇರು ಇದೇ. ನಮ್ಮ ಕಡೆ ದೇವರು ಅಂದರೆ ಮನಸ್ಸಿನ ನಂಬಿಕೆ ಮಾತ್ರ ಅಲ್ಲ. ಮನೆದೇವರು, ಹರಕೆ, ಹುಣ್ಣಿಮೆ, ಎಡೆ, ತೌರಿಗೆ ಬಂದ ಹೆಣ್ಣುಮಕ್ಕಳಿಗೆ ಉಡಿ ತುಂಬುವುದು, ಸತ್ತವರ ದಿನ ಮಾಡುವುದು, ಇವೆಲ್ಲ ಒಂದೇ ದಾರಕ್ಕೆ ಪೋಣಿಸಿವೆ. ಮಗಳು ಒಂದು ಮಣಿ ತೆಗೆದರೆ ಸರವೇ ಹರಿಯಿತು ಎಂದು ಅವ್ವನಿಗೆ ಅನಿಸುತ್ತದೆ. ಅದರಲ್ಲೂ ಗಂಡನನ್ನು ಕಳೆದುಕೊಂಡ ಹೆಂಗಸು. ನಾಳೆ ಅಪ್ಪನ ದಿನಕ್ಕೆ ಮಗಳು ಬರುತ್ತಾಳಾ? ಇವಳ ಮದುವೆ ಯಾರ ಮನೆಗೆ? ನಾನು ಸತ್ತರೆ ಮಣ್ಣಿಗೆ ಬರುತ್ತಾಳಾ? ಇವು ಅವರು ಬಾಯಿಬಿಟ್ಟು ಕೇಳದ ಪ್ರಶ್ನೆಗಳು. ನೀವು ಸುವಾರ್ತೆ ಹೇಳುವ ಮೊದಲು ಇವುಗಳಿಗೆ ಉತ್ತರ ಹೇಳಬೇಕು. "ಅವ್ವಾ, ನಾ ಎಲ್ಲಿಗೂ ಹೋಗಿಲ್ಲ. ಅಪ್ಪನ ದಿನಕ್ಕ ಬರ್ತೀನಿ, ಅಡಗಿ ಮಾಡ್ತೀನಿ, ನಿನ್ನ ಕಡೀತನಕ ನೋಡ್ಕೋತೀನಿ." ಇದನ್ನು ಒಂದು ಸಲ ಹೇಳಿದರೆ ಸಾಲದು. ಹತ್ತು ಸಲ ಹೇಳಿ. ಹೇಳಿದಂತೆ ನಡೆದೂ ತೋರಿಸಿ. ತಿಂಗಳ ದುಡ್ಡು ತಪ್ಪದೆ ಮನೆಗೆ ಹೋಗಲಿ. ಮೊದಲು ವಾರಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದರೆ ಈಗ ನಾಲ್ಕು ಸಲ ಮಾಡಿ.

ಭಾಷೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬಹಳ ಜನ ಎಡವುವುದು ಇಲ್ಲೇ.

ಸಭೆಗೆ ಸೇರಿದ ಆರು ತಿಂಗಳಲ್ಲಿ ನಮ್ಮ ಬಾಯಿಗೆ ಒಂದು ಹೊಸ ಭಾಷೆ ಹತ್ತುತ್ತದೆ. ರಕ್ಷಣೆ ಹೊಂದಿದೆ, ಕತ್ತಲೆಯಿಂದ ಬೆಳಕಿಗೆ ಬಂದೆ, ಲೋಕದವರು, ಅನ್ಯರು, ಪಾಪದ ಬಂಧನ. ಒಳಗಿನವರಿಗೆ ಈ ಮಾತುಗಳು ಸಿಹಿ. ಅವ್ವನ ಕಿವಿಗೆ? "ನಾ ಕತ್ತಲೊಳಗ ಇದ್ದೆ" ಎಂದರೆ "ನೀ ನನ್ನ ಕತ್ತಲೊಳಗ ಬೆಳೆಸಿದಿ" ಎಂದು ಕೇಳಿಸುತ್ತದೆ. "ಪಾಪಿ" ಎಂದರೆ ಅವರಿಗೆ ಬೈಗುಳ. ಅದರ ಮೇಲೆ, ನಮ್ಮ ಕಡೆ ಎಷ್ಟೋ ಸಭೆಗಳಲ್ಲಿ ಹಾಡುಗಳು ತೆಲುಗಿನಲ್ಲೇ ಇರುತ್ತವೆ. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳ ಕಡೆಯಂತೂ ಬೋಧನೆಯೂ ತೆಲುಗು. ಹಳ್ಳಿಯ ಅವ್ವನಿಗೆ ಇದು ಯಾವುದೋ ಬೇರೆಯವರ ದೇವರು ಎಂದು ಅನಿಸಿದರೆ ಅವರ ತಪ್ಪೇನು?

ಈ ಬಳ್ಳಾರಿಗೆ 1810ರಲ್ಲಿ ಜಾನ್ ಹ್ಯಾಂಡ್ಸ್ ಎಂಬ ಲಂಡನ್ ಮಿಷನ್ನಿನವರು ಬಂದರು. ಅವರು ಮೊದಲು ಮಾಡಿದ ಕೆಲಸ ಕನ್ನಡ ಕಲಿತದ್ದು. ಆಮೇಲೆ ವರ್ಷಗಟ್ಟಲೆ ಕೂತು ಸತ್ಯವೇದವನ್ನು ಕನ್ನಡಕ್ಕೆ ತಂದರು. ಅದೇ ಮಿಷನ್ನಿನ ವಿಲಿಯಂ ರೀವ್ ಕನ್ನಡದ ನಿಘಂಟನ್ನೇ ಮಾಡಿದರು. ದೂರದಿಂದ ಬಂದವರೇ ಇಲ್ಲಿನವರ ಮಾತು ಕಲಿಯಲು ಅಷ್ಟು ಬೆವರು ಸುರಿಸಿದರು. ನಾವಾದರೋ ಇಲ್ಲೇ ಹುಟ್ಟಿದವರು. ಅವ್ವನ ಮಾತನ್ನು ಬಿಟ್ಟು ಸಭೆಯ ಮಾತಿನಲ್ಲಿ ಅವ್ವನಿಗೆ ಹೇಳಲು ಹೋಗುತ್ತೇವೆ.

ಹಾಗಾದರೆ ಏನು ಹೇಳಬೇಕು? ಪತ್ರದಲ್ಲಿ ನನಗೆ ಬರೆದದ್ದನ್ನೇ ಹೇಳಿ. "ಅವ್ವಾ, ಅಪ್ಪ ಹೋದ ಮ್ಯಾಲ ನನಗ ನಿದ್ದಿ ಇರಲಿಲ್ಲ. ನಿನಗ ಹೇಳಿದ್ರ ನೀನೂ ಅಳ್ತಿ ಅಂತ ಹೇಳಲಿಲ್ಲ. ಒಂದಿನ ಪ್ರಾರ್ಥನಾ ಮಾಡಿದಾಗ ಮನಸ್ಸು ಹಗುರಾತು. ಅವತ್ತು ಮಲಗಿದೆ." ಇದರಲ್ಲಿ ಯಾರ ದೇವರಿಗೂ ಬೈದಿಲ್ಲ. ಯಾರನ್ನೂ ಕರೆದಿಲ್ಲ. ಆದರೂ ಇದು ಪೂರ್ತಿ ಸಾಕ್ಷಿ. ಇದನ್ನು ಕೇಳಿದ ಅವ್ವ ಮೊದಲು ಕೇಳುವುದು ಯೇಸುವಿನ ಬಗ್ಗೆ ಆಗಿರಲಾರದು. "ನಿದ್ದಿ ಇಲ್ಲದ್ದು ನನಗ್ಯಾಕ ಹೇಳಲಿಲ್ಲ?" ಎಂದು ಕೇಳುತ್ತಾರೆ. ಆಗ ಆ ಮಾತನ್ನೇ ಮುಂದುವರಿಸಿ. ಅಪ್ಪನ ಬಗ್ಗೆ ಇಬ್ಬರೂ ಕೂತು ಅತ್ತು ಎಷ್ಟು ದಿನವಾಯಿತು?

ನಾನೂ ಮೊದಲ ವರ್ಷಗಳಲ್ಲಿ ತಪ್ಪು ಮಾಡಿದ್ದೇನೆ. ಸಂಡೂರಿನ ಕಡೆಯ ಗಣಿ ಕೆಲಸದ ಹುಡುಗನೊಬ್ಬ ನಂಬಿದ. ಅವನ ಉತ್ಸಾಹ ನೋಡಿ ನಾನು ತಡೆಯಲಿಲ್ಲ. ಇನ್ನೂ ಹುರಿದುಂಬಿಸಿದೆ. ಅವನು ಮನೆಗೆ ಹೋಗಿ, ಅಜ್ಜನ ಕಾಲದ ಜಗಲಿಯಿಂದ ದೇವರ ಫೋಟೋ ಎತ್ತಿ ಹೊರಗಿಟ್ಟ. ಅವರಪ್ಪ ಅವನನ್ನು ಮನೆಯಿಂದ ಹೊರಗೆ ಹಾಕಿದರು. ಆ ಅಪ್ಪ ಮಗ ಮತ್ತೆ ಒಂದು ಪಂಕ್ತಿಯಲ್ಲಿ ಕೂತು ಉಣ್ಣಲು ಒಂಬತ್ತು ವರ್ಷ ಬೇಕಾಯಿತು. ಒಂಬತ್ತು ವರ್ಷದಲ್ಲಿ ಆ ಅಪ್ಪ ಮಗನ ಬಾಯಿಂದ ಸಂತೋಷದ ಒಂದು ಮಾತನ್ನೂ ಕೇಳಲಿಲ್ಲ. ಆ ಹುಡುಗನಿಗಿಂತ ನನ್ನ ತಪ್ಪೇ ಜಾಸ್ತಿ. ಅವತ್ತಿನಿಂದ ಹೊಸಬರಿಗೆ ಮೊದಲು ಹೇಳುವ ಮಾತು ಒಂದೇ: ಮೊದಲ ವರ್ಷ ಮನೆಯಲ್ಲಿ ಏನನ್ನೂ ಎತ್ತಿಡಬೇಡಿ, ಏನನ್ನೂ ಒಡೆಯಬೇಡಿ, ಯಾರಿಗೂ ಅವರ ದೇವರು ಸುಳ್ಳು ಎನ್ನಬೇಡಿ.

ಇನ್ನು ತಮ್ಮನ ಮಾತುಗಳು. ಇದರಲ್ಲಿ ಸುಳ್ಳು ಎಷ್ಟು, ನಿಜ ಎಷ್ಟು ಎಂದು ಬಿಡಿಸಿ ನೋಡೋಣ. ಹುಡುಗ ವರ್ಷಗಟ್ಟಲೆ ಓದಿ ಪರೀಕ್ಷೆಗೆ ಕೂರುತ್ತಿದ್ದಾನೆ. ಅವನ ಹೆದರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಅಕ್ಕ ಯಾರನ್ನು ನಂಬುತ್ತಾಳೆ ಎಂಬುದರಿಂದ ತಮ್ಮನ ಜಾತಿ ಪ್ರಮಾಣಪತ್ರ ಹೋಗುವುದಿಲ್ಲ. ಅದು ಅವನ ಹುಟ್ಟು, ಅವನ ಧರ್ಮ ನೋಡಿ ಕೊಡುವಂಥದ್ದು. ಸಂವಿಧಾನದ 371ಜೆ ವಿಧಿಯ ಮೀಸಲಾತಿ ಅಂತೂ ಧರ್ಮಕ್ಕೆ ಸಂಬಂಧವೇ ಇಲ್ಲದ ವಿಷಯ. ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಹುಟ್ಟಿದವರಿಗೆ, ಇಲ್ಲಿ ನೆಲೆಸಿದವರಿಗೆ ಕೊಡುವ ಸೌಲಭ್ಯ ಅದು. ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ಅಲ್ಲಿ ಕೇಳುವುದಿಲ್ಲ. ಇಷ್ಟನ್ನು ತಮ್ಮನಿಗೆ ಧೈರ್ಯವಾಗಿ ಹೇಳಿ.

ನಿಮ್ಮ ಸ್ವಂತ ಪ್ರಮಾಣಪತ್ರದ ಮಾತು ಬೇರೆ. ನೀವು ಪರಿಶಿಷ್ಟ ಜಾತಿಯವರಾಗಿದ್ದರೆ, ಕ್ರೈಸ್ತ ಧರ್ಮಕ್ಕೆ ಸೇರಿದ ಮೇಲೆ ಆ ಮೀಸಲಾತಿ ನಿಮಗೆ ಉಳಿಯುವುದಿಲ್ಲ. 1950ರ ರಾಷ್ಟ್ರಪತಿ ಆದೇಶದಲ್ಲಿ ಅದು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು ಅದರಲ್ಲಿಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಇಟ್ಟಿದ್ದಾರೆ. ಪರಿಶಿಷ್ಟ ಪಂಗಡದವರಾಗಿದ್ದರೆ ಅವರ ಆದೇಶವೇ ಬೇರೆ, ಅದರಲ್ಲಿ ಧರ್ಮದ ಷರತ್ತು ಇಲ್ಲ. ಕೆಲವರು "ಮನಸ್ಸಲ್ಲಿ ಒಂದು, ಕಾಗದದಲ್ಲಿ ಒಂದು ಇರಲಿ ಬಿಡಿ" ಎಂದು ಸಲಹೆ ಕೊಡುತ್ತಾರೆ. ನಾನು ಕೊಡುವುದಿಲ್ಲ. ಸಿಕ್ಕಿಬಿದ್ದರೆ ನೌಕರಿಗೇ ಕುತ್ತು. ಅದಕ್ಕಿಂತ ಹೆಚ್ಚಾಗಿ, ಸತ್ಯ ಸಿಕ್ಕಿತು ಎಂದು ಹೇಳುವವರು ಸುಳ್ಳು ಅರ್ಜಿಗೆ ಸಹಿ ಹಾಕಬಾರದು.

ಮತಾಂತರದ ಕೇಸಿನ ವಿಷಯ. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬಲು, ಆಚರಿಸಲು, ಪ್ರಚಾರ ಮಾಡಲು ಹಕ್ಕು ಕೊಡುತ್ತದೆ. ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯಕ್ಕೆ ಧಕ್ಕೆ ಬರಬಾರದು ಎಂಬುದು ಅದರ ಷರತ್ತು. 1977ರಲ್ಲಿ ಸುಪ್ರೀಂ ಕೋರ್ಟ್ ಸ್ಟೇನಿಸ್‌ಲಾಸ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು. ನಿಮ್ಮ ಧರ್ಮದ ತತ್ವಗಳನ್ನು ವಿವರಿಸಿ ಹೇಳುವ ಹಕ್ಕಿದೆ, ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಇಲ್ಲ ಎಂದಿತು. ಕರ್ನಾಟಕದಲ್ಲಿ 2022ರಲ್ಲಿ ಇದಕ್ಕೆಂದೇ ಒಂದು ಕಾಯ್ದೆ ಬಂತು. ಒತ್ತಾಯ, ಮೋಸ, ಆಮಿಷ, ಅನುಚಿತ ಪ್ರಭಾವ, ಮದುವೆಯ ಭರವಸೆ, ಇವುಗಳಿಂದ ಮಾಡುವ ಮತಾಂತರ ಅದರಲ್ಲಿ ಅಪರಾಧ. ಆಮಿಷ ಎಂದರೆ ದುಡ್ಡು ಮಾತ್ರ ಅಲ್ಲ. ಉಡುಗೊರೆ, ನೌಕರಿ, ಉಚಿತ ಶಿಕ್ಷಣದ ಆಸೆ ಎಲ್ಲವೂ ಅದರೊಳಗೆ ಬರುತ್ತವೆ. ಒಂದು ಧರ್ಮವನ್ನು ಏರಿಸಿ ಇನ್ನೊಂದನ್ನು ಕೀಳಾಗಿ ತೋರಿಸುವುದೂ, ದೇವರು ಸಿಟ್ಟಾಗುತ್ತಾನೆ ಎಂದು ಹೆದರಿಸುವುದೂ ಬರುತ್ತವೆ. ಶಿಕ್ಷೆ 3ರಿಂದ 5 ವರ್ಷ. ಮತಾಂತರಗೊಂಡವರು ಹೆಣ್ಣುಮಕ್ಕಳು, ಅಪ್ರಾಪ್ತರು, ಪರಿಶಿಷ್ಟ ಜಾತಿ ಪಂಗಡದವರಾಗಿದ್ದರೆ 10 ವರ್ಷದವರೆಗೂ ಹೋಗುತ್ತದೆ. ಅಪ್ಪ ಅಮ್ಮ, ಒಡಹುಟ್ಟಿದವರು, ಸಂಬಂಧಿಕರು, ಜೊತೆಗೆ ಕೆಲಸ ಮಾಡುವವರು ಕೂಡ ದೂರು ಕೊಡಬಹುದು.

ಈ ಕಾಯ್ದೆಯನ್ನು ರದ್ದು ಮಾಡಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಅದನ್ನು ಕೇಳಿ ಬಹಳ ಜನ "ಕಾಯ್ದೆ ಹೋಯ್ತು" ಎಂದುಕೊಂಡರು. ಸಂಪುಟ ತೀರ್ಮಾನಿಸಿದ ಮಾತ್ರಕ್ಕೆ ಕಾಯ್ದೆ ಹೋಗುವುದಿಲ್ಲ. ವಿಧಾನಮಂಡಲದಲ್ಲಿ ರದ್ದತಿ ಮಸೂದೆ ಪಾಸಾಗಿ ಗೆಜೆಟ್‌ನಲ್ಲಿ ಬರಬೇಕು. ಹಾಗಾಗಿ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಮಾತು ಬಂದ ದಿನ, ಸಭಾಪಾಲಕರಿಗಿಂತ ಮೊದಲು ಒಬ್ಬ ವಕೀಲರನ್ನು ಕಾಣಿ. ಆ ಕಾಯ್ದೆ ಪ್ರಕಾರ ಮತಾಂತರವಾಗುವವರೂ ಮಾಡಿಸುವವರೂ 30 ದಿನ ಮೊದಲೇ ಜಿಲ್ಲಾಧಿಕಾರಿಗೆ ಬರೆದುಕೊಡಬೇಕು. ನೀವು ಚರ್ಚಿಗೆ ಹೋಗುವುದು, ಪ್ರಾರ್ಥನೆ ಮಾಡುವುದು, ನನಗೆ ಹೀಗಾಯಿತು ಎಂದು ಅವ್ವನಿಗೆ ಹೇಳುವುದು ಅಪರಾಧವಲ್ಲ. ತಮ್ಮನಿಗೆ ಹೆದರಿಕೆ ಇರಬೇಕಾದದ್ದು ಬೇರೆ ಕಡೆ. ಯಾರೋ ನಿಮ್ಮ ಮಾತನ್ನು ತಿರುಚಿ ಆಮಿಷದ ಬಣ್ಣ ಹಚ್ಚುವ ಸಂದರ್ಭಗಳು ಇವೆ. ಅಂಥದ್ದಕ್ಕೆ ಎಡೆ ಮಾಡಿಕೊಡಬೇಡಿ.

ಆ ಎಡೆ ಎಲ್ಲಿರುತ್ತದೆ ಎಂದರೆ ಮೊದಲ ಜಾಗ ಆಸ್ಪತ್ರೆ. ಆ ಅಜ್ಜಿಯ ಕೈ ಹಿಡಿದಾಗ ನಿಮ್ಮ ಮನಸ್ಸಿನಲ್ಲಿ ಕರುಣೆ ಬಿಟ್ಟು ಬೇರೇನೂ ಇರಲಿಲ್ಲ, ನಂಬುತ್ತೇನೆ. ಆದರೂ ಅವರ ಮಗನ ದೂರಿನಲ್ಲಿ ನ್ಯಾಯ ಇದೆ. ಹಾಸಿಗೆ ಹಿಡಿದವರು ಎದ್ದು ಹೋಗಲಾರರು. ಅವರ ಇಂಜೆಕ್ಷನ್, ಅವರ ನೀರು, ಅವರ ಬೆಡ್‌ಪ್ಯಾನ್ ಎಲ್ಲ ನಿಮ್ಮ ಕೈಯಲ್ಲಿ. ಅಂಥವರು ನಿಮಗೆ "ಬ್ಯಾಡ" ಎನ್ನಲು ಹೆದರುತ್ತಾರೆ. ಬೇಡ ಎನ್ನಲಾಗದವರ ಮುಂದೆ ನಂಬಿಕೆಯ ಮಾತು ತೆಗೆದರೆ, ನಾವು ಎಷ್ಟೇ ಮೆತ್ತಗೆ ಹೇಳಿದರೂ ಅದು ಒತ್ತಾಯವೇ. ವಾರ್ಡಿನಲ್ಲಿ ಗಟ್ಟಿಯಾಗಿ ಪ್ರಾರ್ಥನೆ ಬೇಡ. ಮನಸ್ಸಿನಲ್ಲಿ ಮಾಡಿ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ರೋಗಿಯೇ ಕೇಳಿದರೆ, ಮನೆಯವರು ಒಪ್ಪಿದರೆ, ಎರಡು ಮಾತು ಸಾಕು. ಅವರು ತಮ್ಮ ಮಠದ ಅಜ್ಜನವರ ವಿಭೂತಿ ಕೇಳಿದರೆ ಅದನ್ನೂ ಅಷ್ಟೇ ಪ್ರೀತಿಯಿಂದ ತರಿಸಿಕೊಡಿ. ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋಗಿ, "ಇನ್ನು ಹೀಗಾಗುವುದಿಲ್ಲ" ಎಂದು ನೀವಾಗಿಯೇ ಹೇಳಿಬಿಡಿ. ಸಾಧ್ಯವಾದರೆ ಆ ಮಗನಿಗೂ ಹೇಳಿ.

ಗುಣವಾಗುವ ಮಾತನ್ನು ಎಂದೂ ಆಸೆಯಾಗಿ ಒಡ್ಡಬೇಡಿ. "ಪ್ರಾರ್ಥನೆಗೆ ಬಂದರೆ ಶುಗರ್ ಹೋಗುತ್ತದೆ, ಗುಳಿಗೆ ಬಿಡು" ಎಂಬ ಮಾತು ನಮ್ಮ ಕೆಲವು ಕೂಟಗಳಲ್ಲಿ ಕೇಳಿಬರುತ್ತದೆ. ನೀವು ನರ್ಸ್. ಗುಳಿಗೆ ಬಿಟ್ಟರೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲಿರಿ. ಅಂಥ ಮಾತು ಕೇಳಿದ ಕಡೆ ಎದ್ದು ನಿಂತು "ಗುಳಿಗೆ ತಗೊಳ್ಳಿ" ಎಂದು ಹೇಳುವುದೂ ಒಂದು ಸಾಕ್ಷಿ.

ಎರಡನೇ ಎಡೆ ಫೋನ್. ಬೆಳಿಗ್ಗೆ ಎದ್ದ ಕೂಡಲೇ ವಾಟ್ಸ್ಯಾಪ್ ಸ್ಟೇಟಸ್‌ಗೆ ಸತ್ಯವೇದದ ವಚನ ಹಾಕುವ ಅಭ್ಯಾಸ ನಿಮಗೂ ಇರಬಹುದು. ಹಾಕಬಾರದು ಎನ್ನುವುದಿಲ್ಲ. ಆದರೆ ಸ್ಟೇಟಸ್ ನೋಡುವ ದೊಡ್ಡಪ್ಪನ ಮಗ ಅದರ ಸ್ಕ್ರೀನ್‌ಶಾಟ್ ತೆಗೆದು ಊರಿನ ಗ್ರೂಪಿಗೆ ಹಾಕಿದರೆ ಉತ್ತರ ಕೊಡಬೇಕಾದವರು ಅವ್ವ. ಅಂಗಡಿಗೆ ಹೋದಾಗ "ನಿನ್ನ ಮಗಳು ಕ್ರಿಶ್ಚನ್ ಆಗ್ಯಾಳಂತ?" ಎಂದು ನಾಲ್ಕು ಜನರ ಮುಂದೆ ಕೇಳಿಸಿಕೊಳ್ಳುವವರೂ ಅವರೇ. ಎದುರಿಗೆ ಕೂತು, ಒಬ್ಬರಿಗೆ ಹೇಳಿದ ಮಾತಿನ ತೂಕ ಸ್ಟೇಟಸ್‌ಗೆ ಬರುವುದಿಲ್ಲ. ಮಕ್ಕಳ ಮುಂದೆ, ಅವರ ತಂದೆ ತಾಯಿಗೆ ಗೊತ್ತಿಲ್ಲದೆ, ಈ ಮಾತು ಬೇಡವೇ ಬೇಡ.

ಈಗ ನಿಮ್ಮ ಮುಂದೆ ಯಾವ ದಾರಿಗಳಿವೆ? ಸ್ವಲ್ಪ ದಿನ ಸುಮ್ಮನಿರುವುದು ಒಂದು. ಇದು ಹೇಡಿತನವಲ್ಲ, ಎಷ್ಟೋ ಸಲ ಜಾಣತನ. ಪೇತ್ರನು ತನ್ನ ಪತ್ರದಲ್ಲಿ, ನಂಬದ ಗಂಡಂದಿರು ಹೆಂಡತಿಯರ ನಡತೆ ನೋಡಿಯೇ ಮಾತಿಲ್ಲದೆ ಒಲಿಯಬಹುದು ಎಂದು ಬರೆದಿದ್ದಾನೆ. ಅದೇ ಪತ್ರದಲ್ಲಿ, ಯಾರಾದರೂ ಕೇಳಿದರೆ ಉತ್ತರ ಕೊಡಲು ಸಿದ್ಧರಿರಿ, ಆದರೆ ಮೆತ್ತಗೆ, ಗೌರವದಿಂದ ಕೊಡಿ ಎಂದೂ ಇದೆ. "ಕೇಳಿದರೆ" ಎಂಬುದನ್ನು ನಾವು ಓದಿಯೂ ಓದದಂತೆ ದಾಟಿಬಿಡುತ್ತೇವೆ. ಸುಮ್ಮನಿರುವುದರಲ್ಲಿ ಅಪಾಯವೂ ಇದೆ. ಮುಚ್ಚಿಟ್ಟದ್ದು ಬೇರೆಯವರ ಬಾಯಿಂದ ತಿಳಿದರೆ ಅವ್ವನಿಗೆ ಮೋಸ ಹೋದಂತಾಗುತ್ತದೆ. ನಿಮ್ಮ ವಿಷಯದಲ್ಲಿ ಅವ್ವನಿಗೆ ಮೊದಲೇ ಗೊತ್ತಾಗಿದೆ. ಹಾಗಾಗಿ ಮುಚ್ಚಿಡುವ ಪ್ರಶ್ನೆ ಇಲ್ಲ, ಒತ್ತದೆ ಇರುವುದಷ್ಟೇ ಉಳಿದಿದೆ.

ಇನ್ನೊಂದು ದಾರಿ, ಒಮ್ಮೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿಬಿಡುವುದು. ಇದರಿಂದ ಮನಸ್ಸು ಹಗುರಾಗುತ್ತದೆ. ಆದರೆ 27ರ ಮಗಳ ವಿಷಯದಲ್ಲಿ ನಮ್ಮ ಕಡೆ ಮುಂದೇನಾಗುತ್ತದೆ ಎಂದು ನಿಮಗೇ ಗೊತ್ತು. ಸೋದರಮಾವ ಬರುತ್ತಾರೆ, ಹದಿನೈದು ದಿನದಲ್ಲಿ ಗಂಡು ಗೊತ್ತು ಮಾಡುತ್ತಾರೆ, ನೌಕರಿ ಬಿಡಿಸಿ ಊರಿಗೆ ಕರೆಯುತ್ತಾರೆ. ಹಾಗಾದರೆ ಹೂಂ ಎನ್ನಲೂ ಬೇಡಿ, ರಾತ್ರೋರಾತ್ರಿ ಓಡಲೂ ಬೇಡಿ. "ಮದುವಿ ಬಗ್ಗೆ ವರ್ಷ ಬಿಟ್ಟು ಮಾತಾಡೂಣು" ಎಂದು ಸಮಯ ಕೇಳಿ. ನಿಮ್ಮ ಸರ್ಟಿಫಿಕೇಟುಗಳು, ಬ್ಯಾಂಕ್ ಪಾಸ್‌ಬುಕ್, ಆಧಾರ್ ನಿಮ್ಮ ಹತ್ತಿರವೇ ಇರಲಿ. ಯಾರಾದರೂ ಕೈ ಮಾಡಿದರೆ, ಕೂಡಿ ಹಾಕಿದರೆ 112ಕ್ಕೆ ಫೋನ್ ಮಾಡಲು ಹಿಂಜರಿಯಬೇಡಿ.

ಮೂರನೆಯದನ್ನು ನಾನು ಖಂಡಿತ ಬೇಡ ಎನ್ನುತ್ತೇನೆ: ಪಾಸ್ಟರನ್ನೂ ಪ್ರಾರ್ಥನೆಯವರನ್ನೂ ಗಾಡಿ ಮಾಡಿಕೊಂಡು ಊರಿಗೆ ಕರೆದುಕೊಂಡು ಹೋಗುವುದು. ನಿಮ್ಮ ಸಭೆಯವರು ಪ್ರೀತಿಯಿಂದಲೇ ಇದನ್ನು ಹೇಳಬಹುದು. ಓಣಿಯ ತುಂಬ ಜನ ಸೇರಿದ ಮೇಲೆ ಅದು ಅವ್ವ ಮಗಳ ಮಾತಾಗಿ ಉಳಿಯುವುದಿಲ್ಲ, ಊರಿನ ಮರ್ಯಾದೆಯ ಮಾತಾಗುತ್ತದೆ. ಯಾರೋ ವಿಡಿಯೊ ಮಾಡುತ್ತಾರೆ, ಯಾರೋ ಸ್ಟೇಷನ್ನಿಗೆ ಫೋನ್ ಮಾಡುತ್ತಾರೆ. ಅವ್ವನಿಗೆ ಕೇಳಬೇಕು ಎಂಬ ಮನಸ್ಸಿದ್ದರೂ ಬಾಗಿಲು ಮುಚ್ಚಿಕೊಳ್ಳಬೇಕಾಗುತ್ತದೆ.

ಕುಂಕುಮ, ಬಳೆ, ಹೂವಿನ ಪ್ರಶ್ನೆ ನೀವು ಕೇಳಿಲ್ಲ. ಆದರೆ ಬಂದೇ ಬರುತ್ತದೆ. ಕೆಲವು ಸಭೆಗಳಲ್ಲಿ ಇವನ್ನೆಲ್ಲ ತೆಗೆಯಿರಿ ಎನ್ನುತ್ತಾರೆ, ಕೆಲವು ಸಭೆಗಳಲ್ಲಿ ಕೇಳುವುದಿಲ್ಲ. ಬರೀ ಕೈ ನಮ್ಮ ಕಡೆ ಏನನ್ನು ಹೇಳುತ್ತದೆ ಎಂದು ಬಲ್ಲಿರಿ. ಗಂಡ ಹೋದ ಮೇಲೆ ಬಳೆ ಒಡೆಸಿಕೊಂಡ ಅವ್ವನ ಮುಂದೆ ಮದುವೆಯಾಗದ ಮಗಳು ಬರೀ ಕೈಯಲ್ಲಿ ನಿಲ್ಲುವುದು ಬೇಡ. ಇದು ನನ್ನ ಅಭಿಪ್ರಾಯ. ನಾಲ್ಕು ಗಾಜಿನ ಬಳೆ ನಿಮ್ಮ ನಂಬಿಕೆಯನ್ನು ಕಡಿಮೆ ಮಾಡುವುದಿಲ್ಲ.

"ಇದು ಪರದೇಶದ ಧರ್ಮ" ಎಂದು ಯಾರಾದರೂ ಅಂದರೆ ವಾದ ಬೇಡ. ನಿಮ್ಮದೇ ಜಿಲ್ಲೆಯ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದ ಕ್ರೈಸ್ತ ಮನೆತನಗಳಿವೆ ಎಂದು ಹೇಳಿದರೆ ಸಾಕು. ಅದೇ ಮುದಗಲ್ಲಿನ ಮೊಹರಂಗೆ ಎಲ್ಲ ಜಾತಿಯವರೂ ಹೋಗುತ್ತಾರೆ. ನಮ್ಮ ಸೀಮೆಯ ಜನರಿಗೆ ಇನ್ನೊಬ್ಬರ ದೇವರು ಅಂದರೆ ಮೂಲದಲ್ಲಿ ದ್ವೇಷವಿಲ್ಲ. ತಮ್ಮ ದೇವರನ್ನು ತುಳಿದರು ಎಂದು ಅನಿಸಿದಾಗ ಮಾತ್ರ ಅವರು ಸೆಟೆದು ನಿಲ್ಲುತ್ತಾರೆ.

ಇನ್ನು ಹುಣ್ಣಿಮೆ. ಹೋಗಿ.

ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೋಗಿ ಪೂಜೆ ಮಾಡಿಸಿ ಎನ್ನುತ್ತಿಲ್ಲ. ಅವ್ವನ ಜೊತೆ ಹೋಗಿ. ನಮ್ಮ ಸಭಾಪಾಲಕರಲ್ಲೇ ಇದನ್ನು ಒಪ್ಪದವರಿದ್ದಾರೆ. ಗುಡಿಯ ಹೊಸ್ತಿಲೇ ತುಳಿಯಬಾರದು ಎನ್ನುತ್ತಾರೆ. ಅವರ ಮಾತನ್ನು ಗೌರವಿಸುತ್ತೇನೆ. ಆದರೆ ವಯಸ್ಸಾದ ತಾಯಿಯ ಕೈಹಿಡಿದು ಜನಜಂಗುಳಿ ದಾಟಿಸುವುದು ಪೂಜೆಯಲ್ಲ, ಮಗಳ ಕೆಲಸ. ನಿಮ್ಮ ಮನಸ್ಸು ಎಷ್ಟಕ್ಕೆ ಒಪ್ಪುತ್ತದೋ ಅಷ್ಟನ್ನು ಮೊದಲೇ ಅವ್ವನಿಗೆ ಹೇಳಿಬಿಡಿ. ಅಲ್ಲಿ ಹೋಗಿ ಗುಡಿ ಮುಂದೆ ಮುಖ ತಿರುಗಿಸಿದರೆ ನಾಲ್ಕು ಜನರ ಎದುರು ಅವರಿಗೆ ಅವಮಾನ. ಹೊರಡುವ ಹಿಂದಿನ ರಾತ್ರಿ ಮನೆಯಲ್ಲೇ ಹೇಳಿ: "ಅವ್ವಾ, ನಾ ಬರ್ತೀನಿ. ನಿನ್ನ ಚೀಲ ಹಿಡೀತೀನಿ, ಹೊಳಿಗೆ ಇಳಿಸ್ತೀನಿ, ಸಾಲಿನಾಗ ನಿನ್ನ ಜೋಡಿ ನಿಂದರ್ತೀನಿ. ಒಳಗ ಕಾಯಿ ನೀನ ಒಡಸು. ನಾ ಹೊರಗ ಕುಂತಿರ್ತೀನಿ. ಸಿಟ್ಟಾಗಬ್ಯಾಡ." ಅವರು ಸಿಟ್ಟಾಗಬಹುದು. "ಹಂಗಾದ್ರ ಬರಲೇ ಬ್ಯಾಡ" ಎನ್ನಬಹುದು. ಆದರೂ ಚೀಲ ತಗೊಂಡು ಬಸ್ ಸ್ಟ್ಯಾಂಡಿನವರೆಗಾದರೂ ಹೋಗಿ.

ಬಸ್ಸಿನಲ್ಲಿ ಮೂರು ತಾಸಿನ ದಾರಿ. ಸಿಂಧನೂರು ದಾಟಿದ ಮೇಲೆ ಕಿಟಕಿಯ ಎರಡೂ ಕಡೆ ಗದ್ದೆ. ಅಲ್ಲಿ ಸುವಾರ್ತೆಯ ಮಾತು ತೆಗೆಯಬೇಡಿ. ಅಪ್ಪನ ಮಾತು ತೆಗೆಯಿರಿ. ಅವರು ಹುಣ್ಣಿಮೆಗೆ ನಿಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದದ್ದು ಏನಾದರೂ ನೆನಪಿದ್ದರೆ ಅದನ್ನು ಹೇಳಿ. ಅವ್ವನ ಬಿಪಿ ಗುಳಿಗೆ ಇದ್ದರೆ ನಿಮ್ಮ ಪರ್ಸಿನಲ್ಲಿರಲಿ. ಹೊಳೆ ದಂಡೆಯಲ್ಲಿ ಕೂತು ಬುತ್ತಿ ಬಿಚ್ಚುವ ಹೊತ್ತಿಗೆ, "ನೀ ಹೋಗ್ತಿಯಲ್ಲ, ಅಲ್ಲಿ ಏನು ಮಾಡ್ತಾರ?" ಎಂದು ಅವರಾಗಿಯೇ ಕೇಳಿದರೆ, ಕೇಳಿದಷ್ಟಕ್ಕೆ ಹೇಳಿ. ಕೇಳದಿದ್ದರೆ ಇನ್ನೊಂದು ರೊಟ್ಟಿ ಹಾಕಿ. ಮುಂದಿನ ಹುಣ್ಣಿಮೆಗೂ ಜೊತೆಗೆ ಬರುತ್ತೇನೆ ಎಂದು ಹೇಳಿ.